ಆಟಿಯ ಊಟ ವಾರಕ್ಕೊಮ್ಮೆಯಾದರೂ ಇರಲಿ

ಆಟಿ ತಿಂಗಳು ಬಂತೆಂದರೆ ಮುಂಬಯಿ, ಠಾಣೆ, ನವಿಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ಮಹಿಳಾ ವಿಭಾಗಗಳಲ್ಲಿ ಎಲ್ಲಿಲ್ಲದ ಉತ್ಸಾಹ. ‘ಆಟಿಡೊಂಜಿ ದಿನ’ ಕಾರ್ಯಕ್ರಮದಲ್ಲಿ ಪತ್ರೊಡೆ, ತಜಂಕ್ ಪಲ್ಯ, ಹುರುಳಿ ಚಟ್ನಿ, ಹಲಸಿನ ಬೀಜದ ಗಸಿ, ಕಣಿಲೆ ಸಾಲುಸಾಲಾಗಿ ಬಡಿಸಲ್ಪಡುತ್ತವೆ. ಹಿರಿಯರ ಆಹಾರ ಪದ್ಧತಿಯ ಗುಣಗಾನವೂ ಆಗುತ್ತದೆ. ಮರುದಿನದಿಂದ ಅದೆಲ್ಲ ಮುಂದಿನ ವರ್ಷದ ಮಾತು.

ನಮ್ಮ ಹಿರಿಯರಿಗೆ ಇದು ಪ್ರದರ್ಶನದ ಊಟವಾಗಿರಲಿಲ್ಲ. ಜಡಿಮಳೆಗೆ ಕಡಲು ಮುನಿಯುತ್ತಿತ್ತು, ಮನೆಯ ಭತ್ತ ಮುಗಿಯುತ್ತಿತ್ತು. ಹಿತ್ತಿಲ ಸೊಪ್ಪು, ಕೂಡಿಟ್ಟ ಕಾಳು, ಹಲಸಿನ ಬೀಜವೇ ಕುಟುಂಬವನ್ನು ಸಾಕಿದವು. ಕಷ್ಟಕಾಲದ ಆ ಅಡುಗೆ ಇಂದು ನಮ್ಮ ಆರೋಗ್ಯಕ್ಕೆ ಬೇಕಾಗಿದೆ.

ನಮ್ಮ ಸಭೆಗಳಲ್ಲಿ ಐವತ್ತು ದಾಟಿದವರ ಮಾತು ಬೇಗನೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ಶಸ್ತ್ರಚಿಕಿತ್ಸೆಯತ್ತ ಹೊರಳುತ್ತದೆ. ದೇಶದ ಒಟ್ಟು ರೋಗಭಾರದಲ್ಲಿ ಶೇ. 56.4ರಷ್ಟಕ್ಕೆ ಅಸಮರ್ಪಕ ಆಹಾರವೇ ಕಾರಣವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಎಚ್ಚರಿಸಿದೆ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಇದು ಪಾಲನೆಯಾಗುತ್ತಿದೆ?

ಹಾಗೆಂದು ನಾಳೆಯಿಂದಲೇ ಮೀನು-ಮಾಂಸ ಬಿಡಿ ಎಂದು ಇಲ್ಲಿ ಯಾರೂ ಅಪ್ಪಣೆ ಕೊಡುತ್ತಿಲ್ಲ. ಮೀನು ನಮ್ಮ ಕರಾವಳಿಯ ಅನ್ನ, ಅನೇಕರ ಜೀವನಾಧಾರ. ತಟ್ಟೆಯಲ್ಲಿರುವುದನ್ನು ನೋಡಿ ಮನುಷ್ಯನ ಯೋಗ್ಯತೆ ಅಳೆಯುವ ಚಾಳಿ ನಮ್ಮ ಸಂಘಗಳೊಳಗೆ ಬರಕೂಡದು. ಬದಲಾವಣೆ ರೆಕರಿಂಗ್ ಡಿಪಾಸಿಟ್‌ನಂತೆ ಸಣ್ಣ ಕಂತಿನಲ್ಲಿ ಬರಲಿ. ಸೋಮವಾರವೋ ಶನಿವಾರವೋ ಬಹಳ ಮನೆಗಳಲ್ಲಿ ಮೊದಲೇ ‘ಸಸ್ಯಾಹಾರ’. ಅದಕ್ಕೆ ಇನ್ನೊಂದು ದಿನ ಸೇರಿಸೋಣ. ಕೋಳಿ ಮಾಡಿದ ದಿನ ಅದರ ಪಾಲು ಇಳಿಸಿ, ಜೊತೆಗೆ ಕಡಲೆ-ಮನೋಳಿ ಇರಲಿ. ಉತ್ತರ ಕರ್ನಾಟಕದವರ ರೊಟ್ಟಿ-ಕಾಳುಪಲ್ಯ, ಹಳೆ ಮೈಸೂರಿನವರ ಮುದ್ದೆ-ಬಸ್ಸಾರು ನಮ್ಮ ಅಡುಗೆಮನೆಗೂ ಬರಲಿ. ಸಾಮಾನಿಗಾಗಿ ಊರಿನ ಬಸ್ಸು ಕಾಯಬೇಕಿಲ್ಲ. ಕೆಸುವಿನ ಎಲೆ ‘ಅಳೂ’ ಎಂದು, ತಜಂಕ್ ‘ಟಾಕಳಾ’ ಎಂದು ಮಳೆಗಾಲದಲ್ಲಿ ಇಲ್ಲಿನ ಮಾರ್ಕೆಟಿನಲ್ಲೇ ಸಿಗುತ್ತವೆ. ಹುರುಳಿ ‘ಕುಳೀಥ್’ ಹೆಸರಿನಲ್ಲಿ ವರ್ಷವಿಡೀ ಇದೆ. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ.

ಎರಡು ಎಚ್ಚರಿಕೆ ಅಗತ್ಯ. ಬೋಂಡಾ, ಜಿಲೇಬಿ, ರಾಶಿ ಅನ್ನವೂ ಸಸ್ಯಾಹಾರವೇ. ಆದರೆ ಅವುಗಳಿಂದ ಸಕ್ಕರೆ ಕಾಯಿಲೆ ಹತೋಟಿಗೆ ಬಾರದು. ಇನ್ನೊಂದು, ಬಿ-12 ಜೀವಸತ್ವ ಸೊಪ್ಪು-ಕಾಳುಗಳಿಂದ ದೊರೆಯದು. ಮೀನು-ಮಾಂಸ ಬಿಟ್ಟವರಿಗೆ ಹಾಲು-ಮೊಸರು ಆಸರೆಯಾಗಬಹುದು. ಅದನ್ನೂ ಬಿಡುವವರು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಸಂಘಗಳೂ ಮನಸ್ಸು ಮಾಡಬೇಕು. ವಾರ್ಷಿಕೋತ್ಸವದ ಭೋಜನದಲ್ಲಿ ಒಂದು ಸಿಹಿ, ಒಂದು ಕರಿದ ತಿಂಡಿ ಕಡಿಮೆ ಮಾಡಿ ಒಂದು ಕಾಳು, ಒಂದು ಸೊಪ್ಪು ಸೇರಿಸಿದರೆ ಖರ್ಚೇನೂ ಹೆಚ್ಚದು. ಮಹಿಳಾ ವಿಭಾಗದ ಹಿರಿಯಕ್ಕಂದಿರು ಆಟಿಯ ಅಡುಗೆಯನ್ನು ಸೊಸೆಯಂದಿರಿಗೆ ಮಾತ್ರವಲ್ಲ, ಗಂಡುಮಕ್ಕಳಿಗೂ ಕಲಿಸಲಿ. ವೈದ್ಯಕೀಯ ನೆರವಿನ ನಿಧಿಗೆ ನಾವು ಧಾರಾಳವಾಗಿ ದೇಣಿಗೆ ಕೊಡುತ್ತೇವೆ. ಆ ನಿಧಿಯ ಬಾಗಿಲು ತಟ್ಟುವವರ ಸಂಖ್ಯೆಯನ್ನು ಕಡಿಮೆ ಮಾಡುವುದೂ ಸಮಾಜಸೇವೆಯೇ ಅಲ್ಲವೇ?