ಹಳೆಯ ಕಾರಿನ ಕಾವು: ಕಾರಣವರಿಯದೆ ಕೈಹಾಕಬೇಡಿ

ರೋಗದ ಮೂಲವನ್ನರಿಯದೆ ಔಷಧ ಕೊಡಬಾರದೆಂಬುದು ವೈದ್ಯಶಾಸ್ತ್ರದ ಮೊದಲ ಪಾಠ. ದೇಹಕ್ಕೆ ಸಲ್ಲುವ ಈ ಮಾತು ಯಂತ್ರಕ್ಕೂ ಸಲ್ಲುತ್ತದೆ. ಬಸವೇಶ್ವರನಗರದ ಹಿರಿಯ ಓದುಗರೊಬ್ಬರು ನಮಗೆ ಬರೆದಿರುವ ಪತ್ರ ಇದಕ್ಕೆ ನಿದರ್ಶನ. ಅವರ ಬಳಿ ಕಾರ್ಬುರೇಟರ್ ಉಳ್ಳ ಹಳೆಯ ಮಾರುತಿ 800 ಕಾರಿದೆ. ಪತ್ನಿಯವರನ್ನು ಆಸ್ಪತ್ರೆಗೆ ಕರೆದೊಯ್ಯಲು ಅದೇ ಆಧಾರ. ಮಾಗಡಿ ರಸ್ತೆಯ ಸಿಗ್ನಲ್ಲುಗಳಲ್ಲಿ ನಿಂತಾಗ ಎಂಜಿನ್ ನಡುಗಿ ಆರಿಹೋಗುತ್ತದೆ. ಕಾವಿನ ಮುಳ್ಳು ಕೆಂಪು ಗೆರೆಯತ್ತ ಏರುತ್ತದೆ. ಒಂದು ಗ್ಯಾರೇಜಿನವರು ಐಡ್ಲಿಂಗ್ ಏರಿಸಿದರಂತೆ; ಮತ್ತೊಬ್ಬರು ಥರ್ಮೋಸ್ಟ್ಯಾಟ್ ತೆಗೆದುಬಿಟ್ಟರಂತೆ; ಮೂರನೆಯವರು ಗುಜರಿಗೆ ಹಾಕಿರೆಂದರಂತೆ. ಯಾರ ಮಾತು ಕೇಳಬೇಕೆಂಬುದು ಅವರ ಪ್ರಶ್ನೆ.

ಮೂವರೂ ಮದ್ದು ಹೇಳಿದರೇ ಹೊರತು ನಿದಾನ ಮಾಡಲಿಲ್ಲವೆಂದು ನಮಗೆ ತೋರುತ್ತದೆ. ತರ್ಕಶಾಸ್ತ್ರದಲ್ಲಿ ಅನ್ವಯ, ವ್ಯತಿರೇಕ ಎಂಬ ಎರಡು ಮಾತುಗಳುಂಟು. ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ. ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಇವೆರಡನ್ನೂ ನೋಡಿದ ಮೇಲೆಯೇ ಕಾರಣವನ್ನು ನಿಶ್ಚಯಿಸತಕ್ಕದ್ದು. ಹಳೆಯ ಕಾರಿನ ವಿಷಯದಲ್ಲಿ ಈ ಪರೀಕ್ಷೆಯನ್ನು ಮೆಕ್ಯಾನಿಕ್‌ಗಿಂತ ಚೆನ್ನಾಗಿ ಮಾಡಬಲ್ಲವರು ಅದನ್ನು ದಿನವೂ ಓಡಿಸುವ ಮನೆಯವರೇ.

ಮೊದಲು ಗಮನಿಸಬೇಕಾದುದು ಕಾವು ಯಾವಾಗ ಏರುತ್ತದೆ ಎಂಬುದು. ಕೆಂಗೇರಿ ದಾಟಿ ಮೈಸೂರು ಹೆದ್ದಾರಿಯಲ್ಲಿ ಓಡುವಾಗ ಮುಳ್ಳು ಸ್ವಸ್ಥಾನದಲ್ಲಿದ್ದು, ವಿಜಯನಗರದ ವಾಹನದಟ್ಟಣೆಯಲ್ಲಿ ಮಾತ್ರ ಮೇಲೇರಿದರೆ ದೋಷ ಬಹುಮಟ್ಟಿಗೆ ಗಾಳಿಯದು. ಓಡುವ ಕಾರಿನ ರೇಡಿಯೇಟರಿಗೆ ಗಾಳಿ ತಾನಾಗಿ ಬಡಿಯುತ್ತದೆ. ನಿಂತ ಕಾರಿಗೆ ಫ್ಯಾನೇ ಗತಿ. ಮಾರುತಿ 800ರಲ್ಲಿ ಈ ಫ್ಯಾನು ವಿದ್ಯುತ್ತಿನಿಂದ ತಿರುಗುತ್ತದೆ. ಕಾವು ಏರಿದರೂ ಅದು ತಿರುಗದಿದ್ದರೆ ಫ್ಯೂಸು, ತಂತಿ, ಕಾವಿನ ಸ್ವಿಚ್ಚು, ಮೋಟಾರು ಈ ಕ್ರಮದಲ್ಲಿ ನೋಡಿಸಬೇಕು. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಫ್ಯಾನನ್ನು ಬೆಲ್ಟು ತಿರುಗಿಸುತ್ತದೆ. ಅಲ್ಲಿ ಬೆಲ್ಟಿನ ಬಿಗಿ ನೋಡಬೇಕು. ಹೆದ್ದಾರಿಯಲ್ಲೂ ಕಾವು ಏರುವುದಾದರೆ ಸಂಶಯವು ನೀರಿನ ಕಡೆಗೆ ತಿರುಗಬೇಕು: ಸೋರಿಕೆ, ಕಟ್ಟಿಕೊಂಡ ರೇಡಿಯೇಟರ್, ಸವೆದ ಪಂಪು, ಅಥವಾ ತೆರೆಯದ ಥರ್ಮೋಸ್ಟ್ಯಾಟ್.

ಥರ್ಮೋಸ್ಟ್ಯಾಟ್ ಎಂಬುದು ಎಂಜಿನ್ನಿನ ದ್ವಾರಪಾಲಕ. ನೀರು ಸಾಮಾನ್ಯವಾಗಿ 82ರಿಂದ 88 ಡಿಗ್ರಿಯಷ್ಟು ಕಾದ ಮೇಲೆ ಅದು ಬಾಗಿಲು ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಅದು ಕೆಟ್ಟಿದ್ದರೆ ಹೊಸದನ್ನು ಹಾಕಿಸಬೇಕೇ ಹೊರತು ಕಿತ್ತು ಖಾಲಿ ಬಿಡುವುದು ಸಲ್ಲದು. ಅದಿಲ್ಲದ ಎಂಜಿನ್ ಬೇಗ ಹದಕ್ಕೆ ಬಾರದು. ಪೆಟ್ರೋಲು ಹೆಚ್ಚು ಖರ್ಚಾಗುತ್ತದೆ, ಒಳಭಾಗಗಳು ಸವೆಯುತ್ತವೆ, ತಣ್ಣಗಿನ ಐಡ್ಲಿಂಗ್ ಕೂಡ ಕೆಡುತ್ತದೆ.

ನಮ್ಮ ಊರಿಗೆ ವಿಶೇಷವಾಗಿ ಸಲ್ಲುವ ಸಂಗತಿಯೊಂದಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮಿಕ್ಕಿದ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗಲ್ಲ, ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒಳಗಿನ ಒತ್ತಡವನ್ನು ಹಿಡಿದಿಟ್ಟು, 115 ಡಿಗ್ರಿಯ ಆಸುಪಾಸಿನವರೆಗೂ ನೀರು ಕುದಿಯದಂತೆ ಕಾಯುತ್ತದೆ. ಆ ಮುಚ್ಚಳದ ರಬ್ಬರು ಒಣಗಿ ಬಿರಿದಿದ್ದರೆ ಈ ರಕ್ಷಣೆ ತಪ್ಪುತ್ತದೆ. ಅಲ್ಪಬೆಲೆಯ ಮುಚ್ಚಳವನ್ನು ಪರೀಕ್ಷಿಸದೆ ರೇಡಿಯೇಟರನ್ನೇ ಬದಲಿಸುವುದು ಹೆಬ್ಬಾಗಿಲ ಅಗುಳಿ ಸಡಿಲವಾಯಿತೆಂದು ಮನೆಯನ್ನೇ ಕೆಡವಿದಂತೆ.

ಕೊಳವೆಬಾವಿಯ ಗಡಸು ನೀರನ್ನು ರೇಡಿಯೇಟರಿಗೆ ತುಂಬುವ ವಾಡಿಕೆ ನಮ್ಮ ಬಡಾವಣೆಗಳಲ್ಲಿ ಉಂಟು. ಸ್ನಾನದ ಹಂಡೆಯ ತಳದಲ್ಲಿ ಬಿಳಿ ಚಕ್ಕೆ ಕಟ್ಟುವುದನ್ನು ಕಂಡ ಗೃಹಿಣಿಯರಿಗೆ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ. ಅದೇ ಚಕ್ಕೆ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಕಟ್ಟಿದರೆ ನೀರು ಹರಿಯದು, ಕಾವು ಇಳಿಯದು. ಬಟ್ಟಿ ಇಳಿಸಿದ ನೀರು ಮತ್ತು ಕೂಲೆಂಟನ್ನು ಸಮಸಮವಾಗಿ ಬೆರೆಸಿ ಹಾಕಿಸುವುದು ಉತ್ತಮ. ತುಕ್ಕು ತಡೆಯುವ ಗುಣವೂ ಕೂಲೆಂಟಿಗಿದೆ. ಆದರೆ ಅದು ರುಚಿಗೆ ಸಿಹಿಯಾದ ವಿಷ. ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಎಟುಕದಂತೆ ಇಡಬೇಕು. ನೆಲಕ್ಕೆ ಚೆಲ್ಲಿದರೆ ಕೂಡಲೇ ತೊಳೆಯಬೇಕು.

ಇನ್ನು ಐಡ್ಲಿಂಗ್. ಕಾಲು ಒತ್ತದೆ ನಿಂತಾಗ ಸಣ್ಣ ಕಾರುಗಳ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ 800ರಿಂದ 1,000 ಸುತ್ತು ತಿರುಗಬೇಕು. ಕಾವಿಗೂ ಇದಕ್ಕೂ ನಿಕಟ ಸಂಬಂಧವಿದೆ. ಸುತ್ತು ಕಡಿಮೆಯಾದರೆ ನೀರಿನ ಪಂಪು ನಿಧಾನವಾಗುತ್ತದೆ. ಕಾವು ಮಿತಿಮೀರಿದರೆ ಪೆಟ್ರೋಲು ಕಾರ್ಬುರೇಟರಿನಲ್ಲೇ ಆವಿಯಾಗಿ ಎಂಜಿನ್ ಆರುತ್ತದೆ. ಒಂದು ಇನ್ನೊಂದನ್ನು ಕೆಡಿಸುವ ಚಕ್ರವಿದು. ಆದುದರಿಂದ ಮೊದಲು ಕಾವಿನ ದೋಷ ತಿದ್ದಿ, ಆಮೇಲೆ ಐಡ್ಲಿಂಗಿಗೆ ಕೈಹಾಕುವುದು ಕ್ರಮ. ಅಲ್ಲಿಯೂ ಸ್ಕ್ರೂ ತಿರುಗಿಸುವುದು ಕೊನೆಯ ಕೆಲಸ. ಅದಕ್ಕೆ ಮುಂಚೆ ಏರ್ ಫಿಲ್ಟರ್, ಪ್ಲಗ್ಗು, ಟೈಮಿಂಗ್, ಕಸ ಕಟ್ಟಿದ ಐಡಲ್ ಜೆಟ್, ಬಿರುಕುಬಿಟ್ಟ ವ್ಯಾಕ್ಯೂಮ್ ಪೈಪುಗಳನ್ನು ನೋಡಿಸಬೇಕು. ಪೈಪಿನ ಬಿರುಕಿನಿಂದ ಹೆಚ್ಚುವರಿ ಗಾಳಿ ನುಗ್ಗುತ್ತಿರುವಾಗ ಸ್ಕ್ರೂ ತಿರುಗಿಸಿದರೆ ದೋಷ ಮರೆಯಾಗುತ್ತದೆ, ಮಾಯವಾಗುವುದಿಲ್ಲ.

2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆತಿದೆ. ಹಳೆಯ ಕಾರ್ಬುರೇಟರ್ ಅದಕ್ಕೆ ತಕ್ಕಂತೆ ತನ್ನನ್ನು ತಾನೇ ಹೊಂದಿಸಿಕೊಳ್ಳಲಾರದು. ಮಿಶ್ರಣದಲ್ಲಿ ಪೆಟ್ರೋಲಿನ ಅಂಶ ತೆಳುವಾಗಿ ಐಡ್ಲಿಂಗ್ ನಡುಗುವುದುಂಟು. ಹಿಂದಿನ ಕಾಲದ ರಬ್ಬರು ಪೈಪುಗಳಿಗೂ ಎಥೆನಾಲ್ ಹಿತವಲ್ಲ. ಪೆಟ್ರೋಲಿನ ವಾಸನೆ ಬಂದರೆ ಅಂದೇ ಪೈಪು ಬದಲಿಸಿರಿ. ಬೆಂಕಿಯ ವಿಷಯದಲ್ಲಿ ನಾಳೆ ಎಂಬುದಿಲ್ಲ.

ಐಡ್ಲಿಂಗನ್ನು ನಿರ್ಲಕ್ಷಿಸಬಾರದೆಂಬುದಕ್ಕೆ ಕಾನೂನಿನ ಕಾರಣವೂ ಇದೆ. ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಪೆಟ್ರೋಲ್ ಕಾರಿನ ಹೊಗೆ ತಪಾಸಣೆಯಲ್ಲಿ ಇಂಗಾಲದ ಮಾನಾಕ್ಸೈಡನ್ನು ಅಳೆಯುವುದು ಐಡ್ಲಿಂಗಿನಲ್ಲಿಯೇ. ಭಾರತ್ ಸ್ಟೇಜ್ 2ಕ್ಕಿಂತ ಹಿಂದಿನ ಕಾರುಗಳಿಗೆ ಅದರ ಮಿತಿ ಶೇ. 3. ಕೆಎ 02 ಫಲಕದ ಹಳೆಯ ಕಾರನ್ನು ರಾಜಾಜಿನಗರದ ಕಚೇರಿಗೆ ಒಯ್ಯುವ ಮುನ್ನ ಇದನ್ನು ಸರಿಪಡಿಸಿಕೊಂಡರೆ ಎರಡನೆಯ ಸಲ ಅಲೆಯುವ ಕಷ್ಟ ತಪ್ಪುತ್ತದೆ.

ದಾರಿಯಲ್ಲಿ ಮುಳ್ಳು ಕೆಂಪಿಗೆ ಏರಿದರೆ ಏನು ಮಾಡಬೇಕೆಂಬುದನ್ನು ಮನೆಯ ಎಲ್ಲರೂ ಅರಿತಿರಬೇಕು. ಎ.ಸಿ. ಇದ್ದರೆ ಆರಿಸಿ, ಹೀಟರ್ ಇದ್ದರೆ ಪೂರ್ತಿ ಹಾಕಿ, ಎಡಬದಿಗೆ ಕಾರು ನಿಲ್ಲಿಸಿ ಎಂಜಿನ್ ಆರಿಸಬೇಕು. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಒತ್ತಡದಲ್ಲಿರುವ ನೀರು ಮುಖಕ್ಕೆ ಚಿಮ್ಮಿ ಕಣ್ಣನ್ನೇ ಕಳೆಯಬಹುದು. ಕನಿಷ್ಠ ಅರ್ಧ ಗಂಟೆ ಕಾದು, ಮುಟ್ಟಲು ತಣ್ಣಗಾಗಿದೆಯೆಂದು ನೋಡಿ, ದಪ್ಪ ಬಟ್ಟೆ ಹಾಕಿ ನಿಧಾನವಾಗಿ ತಿರುಗಿಸಬೇಕು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಅದರ ಲೋಹ ಬಿರುಕುಬಿಡಬಹುದು.

ಓದುಗರ ಪ್ರಶ್ನೆಗೆ ನಮ್ಮ ಉತ್ತರವಿಷ್ಟು. ಗುಜರಿಯ ಮಾತು ಈಗಲೇ ಬೇಡ. ತೆಗೆದ ಥರ್ಮೋಸ್ಟ್ಯಾಟ್ ಮೊದಲು ಸ್ವಸ್ಥಾನಕ್ಕೆ ಬರಲಿ. ಕಾವು ಏರಿದ ಸ್ಥಳ, ಸಮಯ, ಫ್ಯಾನು ತಿರುಗಿತೋ ಇಲ್ಲವೋ, ನೀರು ಎಷ್ಟು ಇಳಿಯಿತು ಎಂಬುದನ್ನು ಒಂದು ವಾರ ಪುಸ್ತಕದಲ್ಲಿ ಬರೆದಿಡಿ. ಎಂಜಿನ್ ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅಥವಾ ಸೋರಿಕೆ ಕಾಣದಿದ್ದರೂ ನೀರು ಇಳಿಯುತ್ತಲೇ ಇದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಶಂಕೆಯುಂಟು. ಆಗ ಕಾರನ್ನು ಓಡಿಸದೆ, ರಿಪೇರಿಯ ಖರ್ಚನ್ನು ಲೆಕ್ಕಹಾಕಿ ತೀರ್ಮಾನಿಸಿರಿ. ಈ ಲಕ್ಷಣಗಳಿಲ್ಲದಿದ್ದರೆ ಆ ಪುಸ್ತಕವನ್ನು ಮೆಕ್ಯಾನಿಕ್ ಮುಂದಿಟ್ಟು ಒಂದೊಂದಾಗಿ ಪರೀಕ್ಷೆ ಮಾಡಿಸಿರಿ. ಒಮ್ಮೆಗೆ ಒಂದನ್ನೇ ಬದಲಿಸಿರಿ, ಬದಲಿಸಿದ ಮೇಲೆ ಓಡಿಸಿ ನೋಡಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಹಣವೂ ಹೋಗುತ್ತದೆ, ದೋಷ ಯಾವುದರಲ್ಲಿತ್ತೆಂಬುದೂ ತಿಳಿಯದೆ ಹೋಗುತ್ತದೆ.