ಗೃಹಾರೋಗ್ಯ: ಮೇದೋಜೀರಕದ ನೀರುಗಂಟುಗಳು

ಇಪ್ಪತ್ತೆರಡು ವರ್ಷದ ತಮ್ಮ ಮಗಳ ಮೇದೋಜೀರಕದಲ್ಲಿ ನೀರು ತುಂಬಿದ ಗಂಟೊಂದು ಸ್ಕ್ಯಾನಿಂಗಿನಲ್ಲಿ ಕಂಡುಬಂದಿತೆಂದೂ, ಸೂಜಿಯಿಂದ ನೀರನ್ನು ತೆಗೆಸಿಬಿಟ್ಟರೆ ಸಾಲದೇ ಎಂದೂ ವಾಚಕ ಮಹಾಶಯರೊಬ್ಬರು ಕೇಳಿರುವರು. ಗಂಟು ಯಾವ ಜಾತಿಯದೆಂಬುದು ತಿಳಿಯುವ ತನಕ ಹಾಗೆ ಮಾಡಿಸತಕ್ಕುದಲ್ಲ.

ಮೇದೋಜೀರಕವು ಜಠರದ ಹಿಂದೆ, ಬೆನ್ನೆಲುಬಿಗೆ ಅಡ್ಡಲಾಗಿರುವ, ಸುಮಾರು 15 ಸೆಂಟಿಮೀಟರು ಉದ್ದದ ಗ್ರಂಥಿ. ಅಷ್ಟು ಒಳಗೆ ಅಡಗಿರುವುದರಿಂದ ಅಲ್ಲಿ ಬೆಳೆದುದು ಕೈಗೆ ಸಿಕ್ಕುವುದು ತಡವಾಗಿಯೇ. ಗ್ರಂಥಿಯು ಉರಿಯೂತಕ್ಕೆ ಗುರಿಯಾದ ಬಳಿಕ ಅದರ ರಸವು ಸೋರಿ ಶೇಖರವಾದರೆ ಹುಸಿಚೀಲವಾಗುವುದು. ಅದು ಅರ್ಬುದವಲ್ಲ, ಎಷ್ಟೋ ವೇಳೆ ತಾನಾಗಿಯೇ ಇಂಗುವುದು. ನಿಜವಾದ ಗಂಟುಗಳಲ್ಲಿ ತಿಳಿನೀರಿನವು ಬಹುಮಟ್ಟಿಗೆ ಸಾಧು; ಲೋಳೆ ತುಂಬಿದವು ಕಾಲಕ್ರಮದಲ್ಲಿ ಕ್ಯಾನ್ಸರಿಗೆ ತಿರುಗಬಲ್ಲವು.

ಇವಲ್ಲದೆ, ಅಮೆರಿಕದ ವೈದ್ಯೆ ವರ್ಜೀನಿಯಾ ಫ್ರಾಂಟ್ಸ್ 1959ರಲ್ಲಿ ವರ್ಣಿಸಿದ ಅಪರೂಪದ ಗಂಟೊಂದುಂಟು. ಇದು ಹೆಚ್ಚಾಗಿ ತರುಣಿಯರಿಗೇ ಬರುವುದು. ಒಳಗೆ ಕೆಲವು ಭಾಗ ಗಟ್ಟಿ, ಕೆಲವು ಭಾಗ ರಕ್ತಮಿಶ್ರಿತ ದ್ರವ. ಗಾತ್ರವನ್ನು ಕೇಳಿದರೆ ಎದೆ ಝಲ್ಲೆನ್ನುವುದುಂಟು. ಸ್ವಭಾವವು ಮಾತ್ರ ಅಷ್ಟು ಕ್ರೂರವಲ್ಲ.

ಇವುಗಳ ಭೇದವನ್ನು ತಿಳಿಯುವುದು ಹೇಗೆ? ಹಿಂದೆ ತೀವ್ರವಾದ ಹೊಟ್ಟೆನೋವು, ಪಿತ್ತಕೋಶದ ಕಲ್ಲು, ಹೊಟ್ಟೆಗೆ ಪೆಟ್ಟು ಇದ್ದವೇ ಎಂದು ವೈದ್ಯರು ಮೊದಲು ವಿಚಾರಿಸುವರು. ಸಿ.ಟಿ., ಎಂ.ಆರ್.ಐ. ಚಿತ್ರಗಳು ಸಾಲದಾದರೆ, ಬಾಯಿಯ ಮೂಲಕ ಜಠರಕ್ಕೆ ಇಳಿಸುವ ಅಲ್ಟ್ರಾಸೌಂಡ್ ನಳಿಕೆಯಿಂದ ಸೂಜಿ ಚುಚ್ಚಿ ದ್ರವವನ್ನೂ ಕಣಗಳನ್ನೂ ತೆಗೆದು ಪರೀಕ್ಷಿಸುವರು. ಇದು ರೋಗವನ್ನು ಗುರುತಿಸಲು ಮಾತ್ರ, ಚಿಕಿತ್ಸೆಯಲ್ಲ. ದ್ರವದಲ್ಲಿ ಅಮೈಲೇಸ್ ತೀರ ಕಡಮೆಯಿದ್ದರೆ ಅದು ಹುಸಿಚೀಲವಾಗಿರಲಾರದು. ಸಿ.ಇ.ಎ. ಎಂಬ ಪದಾರ್ಥವು ಮಿಲಿಲೀಟರಿಗೆ 192 ನ್ಯಾನೋಗ್ರಾಮನ್ನು ಮೀರಿದರೆ ಲೋಳೆಗಂಟೆಂಬ ಶಂಕೆ ಬಲಿಯುವುದು.

ತಿಳಿನೀರಿನ ಗಂಟು ಬಾಧಿಸದಿದ್ದರೆ ಸುಮ್ಮನೆ ಬಿಡಬಹುದು. ಫ್ರಾಂಟ್ಸ್ ಗಂಟಾದರೆ ಪೂರ್ಣವಾಗಿ ಕತ್ತರಿಸಿ ತೆಗೆಯುವುದೇ ಚಿಕಿತ್ಸೆ; ನೀರನ್ನಷ್ಟೇ ಬಸಿದರೆ ಗಂಟು ಅಲ್ಲಿಯೇ ಉಳಿಯುವುದು. ಬಾಲದ ಕಡೆಯಿದ್ದರೆ ಆ ಭಾಗವನ್ನು, ಕೆಲವೊಮ್ಮೆ ಗುಲ್ಮದೊಡನೆ, ತೆಗೆಯುವರು. ಗುಲ್ಮ ಹೋದವರು ಲಸಿಕೆಗಳನ್ನು ಹಾಕಿಸಿಕೊಳ್ಳಬೇಕು. ತಲೆಯ ಕಡೆಯದಾದರೆ ಶಸ್ತ್ರಕ್ರಿಯೆ ದೊಡ್ಡದು. ಅದರಲ್ಲಿ ನುರಿತವರ ಕೈಯಲ್ಲೇ ಮಾಡಿಸತಕ್ಕುದು. ಪೂರ್ಣವಾಗಿ ತೆಗೆಸಿಕೊಂಡವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಗುಣಹೊಂದುವರು.

ಮದುವೆಯ ಮಾತುಕತೆ ಮುಗಿಯಲೆಂದು ಇದನ್ನು ಮುಚ್ಚಿಟ್ಟು ಕಾಯುವ ಮನೆಗಳೂ ಉಂಟು. ಪತ್ರ ಬರೆದವರು ಹಾಗೆ ಮಾಡದೆ, ಹಳೆಯ ಚಿತ್ರಗಳನ್ನೆಲ್ಲ ತೆಗೆದುಕೊಂಡು ಈ ತಿಂಗಳೊಳಗೇ ಮಗಳೊಡನೆ ಶಸ್ತ್ರವೈದ್ಯರನ್ನು ಕಾಣಲಿ.