ಹಳೆಯ ಬ್ಲೇಡ್ ಪಟ್ಟರನ್ನು ಆರಿಸುವ ಬಗೆ

ಕೀಳ್ ಕೋತಗಿರಿಯ ಓದುಗರೊಬ್ಬರು ಕಳೆದ ತಿಂಗಳು ನಮಗೆ ಪತ್ರ ಬರೆದಿದ್ದರು. ಅವರದು ಒಂದೂವರೆ ಎಕರೆ ಚಹದ ತೋಟ. ಹತ್ತೊಂಬತ್ತರ ಮಗ ಉದಕಮಂಡಲದ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತ ತಾನೂ ಆಡಲು ಕಲಿತಿದ್ದಾನೆ. ಈಗ ಅವನಿಗೊಂದು ಪಟ್ಟರ್ ಬೇಕಾಗಿದೆ. ಹೊಸ ನಮೂನೆಯದನ್ನು ಕೊಳ್ಳುವುದಾದರೆ ಎರಡು ತಿಂಗಳು ಎಲೆ ಮಾರಿದ ಹಣ ಹೋಗುತ್ತದೆ. ಹಿರಿಯ ಆಟಗಾರರೊಬ್ಬರು ತಮ್ಮ ಹಳೆಯ ಬ್ಲೇಡ್ ಪಟ್ಟರನ್ನು ಅಲ್ಪ ಬೆಲೆಗೆ ಕೊಡಲು ಒಪ್ಪಿದ್ದಾರೆ. “ಅಗ್ಗವೆಂದು ಕೊಂಡು ಹುಡುಗನ ಕೈ ಕೆಡಿಸಿದೆನೆಂಬ ಕೊರಗು ನಾಳೆ ನನಗೆ ಉಳಿಯಬಾರದು” ಎಂಬುದು ಆ ತಂದೆಯ ಅಳಲು.

ಗಾಲ್ಫ್ ಸಿರಿವಂತರ ಆಟ, ಅದರ ಗೊಡವೆ ನಮಗೇಕೆ ಎನ್ನುವವರು ನಮ್ಮ ಓದುಗರಲ್ಲಿಯೂ ಇದ್ದಾರು. ಬೆಂಗಳೂರಿನಲ್ಲಿ ಚೀಲ ಹೊರುತ್ತಿದ್ದ ಸಿ. ಮುನಿಯಪ್ಪನವರು 2009ರಲ್ಲಿ ಇಂಡಿಯನ್ ಓಪನ್ ಪಂದ್ಯವನ್ನೇ ಗೆದ್ದರೆಂಬುದನ್ನು ಅಂಥವರು ನೆನೆಯಬೇಕು. ಹುಡುಗನ ಆಸೆ ಬರಿಯ ಶೋಕಿಯಲ್ಲ.

ಚೆಂಡು ಕುಳಿಯ ಸುತ್ತಲಿನ ನುಣುಪು ಹುಲ್ಲನ್ನು ತಲುಪಿದ ಮೇಲೆ ಅದನ್ನು ಉರುಳಿಸುವ ಕೋಲೇ ಪಟ್ಟರ್. ಒಂದೊಂದು ಕುಳಿಗೆ ಎರಡು ಹೊಡೆತದಂತೆ ಹದಿನೆಂಟು ಕುಳಿಗೆ 36. 72 ಹೊಡೆತಗಳ ಲೆಕ್ಕದ ಮೈದಾನದಲ್ಲಿ ಅರ್ಧ ಆಟ ಇದೊಂದೇ ಕೋಲಿನದು. ಆದುದರಿಂದ ತಂದೆಯ ಚಿಂತೆ ಅತಿಯಾದುದೇನಲ್ಲ.

ಸಾಂಪ್ರದಾಯಿಕ ಬ್ಲೇಡ್ ಎಂದರೆ ತೆಳುವಾದ ಲೋಹದ ಪಟ್ಟಿ, ಅದರ ಹಿಮ್ಮಡಿಗೆ ಸೇರಿದ ದಂಡ, ಇಷ್ಟೆ. ಅಮೆರಿಕದ ಬಾಬಿ ಜೋನ್ಸ್ 1930ರಲ್ಲಿ ಆ ಕಾಲದ ನಾಲ್ಕು ಮಹಾಪಂದ್ಯಗಳನ್ನೂ ಗೆದ್ದಾಗ ಅವರ ಕೈಯಲ್ಲಿದ್ದುದು ‘ಕಲಾಮಿಟಿ ಜೇನ್’ ಎಂದು ಹೆಸರಿಟ್ಟಿದ್ದ ಇಂಥದೇ ಕೋಲು. 1966ರಲ್ಲಿ ಕಾರ್‌ಸ್ಟನ್ ಸೋಲ್‌ಹೈಮ್ ಎಂಬ ಎಂಜಿನಿಯರರ ‘ಪಿಂಗ್ ಆನ್ಸರ್’ ಬಂದಿತು. ಅದರಲ್ಲಿ ತೂಕವನ್ನು ಹಿಮ್ಮಡಿಗೂ ತುದಿಗೂ ಹಂಚಲಾಗಿತ್ತು. ಕಾವಡಿಯ ಎರಡು ತುದಿಗಳಲ್ಲೂ ಭಾರವಿದ್ದರೆ ಅದನ್ನು ಗಕ್ಕನೆ ತಿರುಗಿಸಲು ಬಾರದಷ್ಟೆ? ಹಾಗೆಯೇ ಚೆಂಡು ನಡುವಿನಿಂದ ಅತ್ತಿತ್ತ ತಗಲಿದರೂ ಈ ಬಗೆಯ ಪಟ್ಟರಿನ ಮುಖ ಹೆಚ್ಚು ಹೊರಳದು. ಹಳೆಯ ಬ್ಲೇಡಿನಲ್ಲಿ ಆ ಕ್ಷಮೆ ಕಡಮೆ. ಅರ್ಧ ಅಂಗುಲ ತಪ್ಪಿದರೆ ಚೆಂಡು ಕುಳಿಯ ಮುಂದೆಯೇ ನಿಂತುಬಿಡುತ್ತದೆ.

ಹಾಗಾದರೆ ಹಳೆಯದೇಕೆ? ಅದು ಕೈಯ ಸ್ವಭಾವವನ್ನು ಅವಲಂಬಿಸಿದ ಮಾತು. ದಂಡವನ್ನು ಒಂದು ಬೆರಳ ಮೇಲೆ ಅಡ್ಡವಾಗಿ ತೂಗಿಸಿ ನೋಡಿರಿ. ಬ್ಲೇಡಿನ ತುದಿ ನೆಲದ ಕಡೆಗೆ ಜೋಲುತ್ತದೆ. ಬಾಗಿಲು ತಿರುಗಣಿಯ ಮೇಲೆ ತೆರೆದು ಮುಚ್ಚುವಂತೆ ಕೋಲನ್ನು ಬಾಗಿದ ದಾರಿಯಲ್ಲಿ ಬೀಸುವ ಕೈಗೆ ಇದು ಒಗ್ಗುತ್ತದೆ. ನೇರವಾಗಿ ಹಿಂದಕ್ಕೊಯ್ದು ನೇರವಾಗಿ ಮುಂದೆ ತರುವವನಿಗೆ ಮುಖ ಆಕಾಶ ನೋಡುತ್ತ ನಿಲ್ಲುವ, ದಪ್ಪ ತಲೆಯ ಪಟ್ಟರೇ ಲೇಸು. ನಾವೂ ಒಮ್ಮೆ ಸ್ನೇಹಿತರ ಹೊಗಳಿಕೆಗೆ ಮರುಳಾಗಿ ಅಂಥದೊಂದನ್ನು ಕೊಂಡು, ನಮ್ಮ ಬಾಗುಗೈಗೆ ಅದು ಒಗ್ಗದೆ, ವರ್ಷದೊಳಗೆ ಅರ್ಧ ಬೆಲೆಗೆ ಮಾರಿದೆವು.

ಪತ್ರದಲ್ಲಿ ತೀರುವ ಸಂಗತಿಯಲ್ಲವೆಂದು ಒಂದು ಭಾನುವಾರ ನಾವೇ ಕೀಳ್ ಕೋತಗಿರಿಗೆ ಹೋದೆವು. ಕೋಲನ್ನು ಪರೀಕ್ಷೆಗೆಂದು ತರಿಸಿದ್ದರು. ಮುಖದಲ್ಲಿ ತಗ್ಗು ಇರಲಿಲ್ಲ, ಕತ್ತು ಬಾಗಿರಲಿಲ್ಲ. ಹಳೆಯದರಲ್ಲಿ ಮೊದಲು ನೋಡಬೇಕಾದುದು ಇವೆರಡನ್ನೇ. ಮುಖದ ಓರೆ ಈಗಿನವುಗಳ ಮೂರು ನಾಲ್ಕು ಡಿಗ್ರಿಗಿಂತ ತುಸು ಹೆಚ್ಚೆಂದು ತೋರಿತು. ಇಬ್ಬನಿಯಿಂದ ತೊಯ್ದು ನಿಧಾನವಾದ ಹುಲ್ಲಿನಲ್ಲಿ ಅದು ದೋಷವಲ್ಲ. ಚೆಂಡನ್ನು ತಗ್ಗಿನಿಂದ ಎತ್ತಿ ಉರುಳಿಸುತ್ತದೆ. ದಂಡದ ಮೇಲ್ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೂಗಬಿಟ್ಟು, ಮುಖದ ಉದ್ದಕ್ಕೂ ನಾಣ್ಯದಿಂದ ತಟ್ಟುತ್ತ ಹೋದೆವು. ಎಲ್ಲಿ ತಟ್ಟಿದರೆ ತಲೆ ಹೊರಳದೆ ನೇರ ಹಿಂದಕ್ಕೆ ಸರಿಯುತ್ತದೆಯೋ ಅದೇ ಚೆಂಡು ತಗಲಬೇಕಾದ ಜಾಗ. ಈ ಕೋಲಿನಲ್ಲಿ ಅದು ನಡುವಿಗಿಂತ ಹಿಮ್ಮಡಿಯ ಕಡೆಗಿತ್ತು. ಇದನ್ನರಿಯದೆ ನಡುವಿನಲ್ಲಿ ಹೊಡೆದು ಕೋಲನ್ನು ಶಪಿಸುವವರು ಬಹಳ.

ಸಿಮೆಂಟಿನ ಅಂಗಳದಲ್ಲಿ ಲೋಟವನ್ನು ಮಲಗಿಸಿ ಆರಡಿ ದೂರದಿಂದ ಹುಡುಗ ಇಪ್ಪತ್ತು ಚೆಂಡು ಹೊಡೆದ. ನಾವು ಒಯ್ದಿದ್ದ ದಪ್ಪ ತಲೆಯ ಪಟ್ಟರಿನಿಂದ ಹನ್ನೊಂದು ಸೇರಿದವು, ಬ್ಲೇಡಿನಿಂದ ಹದಿಮೂರು. ಇಷ್ಟರಿಂದಲೇ ತೀರ್ಪು ಹೇಳಲಾಗದು. ಆದರೆ ಅವನ ಬೀಸು ಬಾಗಿದ್ದುದು ಸ್ಪಷ್ಟವಾಗಿತ್ತು. “ಅಪ್ಪಾ, ಇದರಲ್ಲಿ ತಪ್ಪಿದರೆ ಎಲ್ಲಿ ತಪ್ಪಿದೆ ಅಂತ ಕೈಗೇ ಗೊತ್ತಾಗುತ್ತೆ” ಎಂದ. ತಂದೆ ಮಾತನಾಡಲಿಲ್ಲ, ಕೋಲನ್ನು ತಾವೂ ಒಮ್ಮೆ ಬೆರಳ ಮೇಲೆ ತೂಗಿ ನೋಡಿದರು.

ಕೊಳ್ಳಬಹುದೆಂದೆವು. ಬಿರಿದ ಚರ್ಮದ ಹಿಡಿಯನ್ನು ತೆಗೆಸಿ ರಬ್ಬರಿನದು ಹಾಕಿಸಬೇಕು. ಕೈಗಳು ಸಹಜವಾಗಿ ಇಳಿಬಿದ್ದು, ಕಣ್ಣು ಚೆಂಡಿನ ನೇರಕ್ಕೆ ಬರುವಂತೆ ಉದ್ದವನ್ನು ನೋಡಿಕೊಳ್ಳಬೇಕು. ಇವನಿಗೆ 34 ಅಂಗುಲ ಸರಿಹೋಯಿತು. ಉಕ್ಕಿನ ತಲೆಯಾದುದರಿಂದ ಕೋತಗಿರಿ ಕಡೆಯ ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆಯಲ್ಲಿ ಆಡಿ ಬಂದ ಕೂಡಲೇ ಒರಸಿ ತೆಳುವಾಗಿ ಎಣ್ಣೆ ಸವರದಿದ್ದರೆ ತುಕ್ಕು ಹಿಡಿಯುವುದು ಖಂಡಿತ. ಈ ಮಾತು ಮುಗಿಯುವುದರೊಳಗೆ ಹುಡುಗ ಒಳಗೆ ಹೋಗಿ ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿ ತಂದಿದ್ದ. ಅದನ್ನು ಖಾಲಿ ಮಾಡಬೇಡವೆಂದು ಅಡುಗೆಮನೆಯಿಂದ ತಾಯಿಯ ಧ್ವನಿ ಕೇಳಿಬಂತು.